ಪಿತ್ರಾರ್ಜಿತವೋ, ಸ್ವಯಾರ್ಜಿತವೋ?

ಕುಟುಂಬದ ಪತ್ರಿಕೆಯಲ್ಲಿ ಬಿಯರಿನ ಪ್ರಸ್ತಾಪವೇ ಎಂದು ಹಿರಿಯರು ಹುಬ್ಬು ಗಂಟಿಕ್ಕಬಾರದು. ಈ ಸಲ ನಾನು ಹೇಳಹೊರಟದ್ದು ಕುಡಿತದ ವಿಷಯವಲ್ಲ, ಮನೆತನದ ವಿಷಯ.

ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಪಾಟ್ಸ್‌ವಿಲ್ ಎಂಬ ಊರಿದೆ. ಅದು ಕಲ್ಲಿದ್ದಲ ಗಣಿಗಳ ಸೀಮೆ. ಜರ್ಮನಿಯಿಂದ ವಲಸೆ ಬಂದ ಡೇವಿಡ್ ಯಿಂಗ್ಲಿಂಗ್ ಎಂಬಾತ 1829ರಲ್ಲಿ ಅಲ್ಲೊಂದು ಬಿಯರು ಕಾರ್ಖಾನೆ ತೆರೆದ. ಆ ಮನೆತನದ ಹೆಸರಿಗೆ ಜರ್ಮನ್ ಭಾಷೆಯಲ್ಲಿ ‘ತರುಣ’ ಎಂದರ್ಥ. ಎರಡೇ ವರ್ಷದಲ್ಲಿ ಕಾರ್ಖಾನೆ ಬೆಂಕಿಗೆ ಆಹುತಿಯಾಯಿತು. ಆತ ಧೃತಿಗೆಡದೆ ಗುಡ್ಡದ ಓರೆಯಲ್ಲಿ ಮತ್ತೆ ಕಟ್ಟಿದ. ಯಂತ್ರದಿಂದ ತಂಪು ಮಾಡುವ ಉಪಾಯ ಇನ್ನೂ ಬಾರದ ಕಾಲವದು. ಗುಡ್ಡದೊಳಗೆ ಸುರಂಗ ತೋಡಿಸಿ, ಅಲ್ಲಿಯ ತಣ್ಪಿನಲ್ಲಿ ಬಿಯರನ್ನು ಮಾಗಿಸುತ್ತಿದ್ದರು.

ಮೂರನೆಯ ತಲೆಮಾರಿನ ಫ್ರಾಂಕ್ ಯಿಂಗ್ಲಿಂಗ್ 1899ರಲ್ಲಿ ಯಜಮಾನನಾದ. ನಿಜವಾದ ಪರೀಕ್ಷೆ ಬಂದದ್ದು ಅವನ ಕಾಲಕ್ಕೆ. 1920ರಲ್ಲಿ ಅಮೆರಿಕ ದೇಶಕ್ಕೆ ದೇಶವೇ ಪಾನನಿರೋಧಕ್ಕೆ ಒಳಗಾಯಿತು. 1949ರ ಮುಂಬಯಿ ಪಾನನಿರೋಧ ಕಾನೂನಿನ ಕಥೆಗಳನ್ನು ಅಜ್ಜಂದಿರ ಬಾಯಿಂದ ಕೇಳಿದವರಿಗೆ ಆಗಿನ ಫಜೀತಿಯನ್ನು ವಿವರಿಸಬೇಕಿಲ್ಲ. ಫ್ರಾಂಕ್ ಬಾಗಿಲು ಮುಚ್ಚಲಿಲ್ಲ. ಅಮಲಿಲ್ಲದ ಬಿಯರು ಮಾಡಿದ. ಕಾರ್ಖಾನೆಯ ಎದುರಿಗೇ ಹಾಲಿನ ಡೇರಿ ತೆರೆದು ಐಸ್‌ಕ್ರೀಮ್ ಮಾರಿದ. ಹೀಗೆ ಹದಿಮೂರು ವರ್ಷ ಕಾಲ ತಳ್ಳಿದ! 1933ರಲ್ಲಿ ನಿಷೇಧ ಹೋದಾಗ ‘ಗೆದ್ದವನ ಬಿಯರು’ ಎಂದು ಹೊಸ ಹೆಸರಿಟ್ಟು, ಒಂದು ಲಾರಿ ತುಂಬ ಅಧ್ಯಕ್ಷ ರೂಸ್ವೆಲ್ಟರಿಗೆ ಕಳುಹಿಸಿದರಂತೆ.

ಮುಂದೆ ದೊಡ್ಡ ಕಂಪನಿಗಳ ಜಾಹೀರಾತಿನ ಅಬ್ಬರದಲ್ಲಿ ಊರೂರಿನ ಸಣ್ಣ ಕಾರ್ಖಾನೆಗಳು ಒಂದೊಂದಾಗಿ ನಂದಿದವು. ಯಿಂಗ್ಲಿಂಗರದು ಕುಂಟುತ್ತಾ ಉಳಿಯಿತು. 1985ರಲ್ಲಿ ಐದನೆಯ ತಲೆಮಾರಿನ ಡಿಕ್ ಯಿಂಗ್ಲಿಂಗ್ ಅದನ್ನು ವಹಿಸಿಕೊಂಡ. ಎರಡು ವರ್ಷದ ಮೇಲೆ ಆತ ಹೊರತಂದ ‘ಲಾಗರ್’ ಮನೆಯ ದೆಸೆಯನ್ನೇ ತಿರುಗಿಸಿತು. ಆ ಸೀಮೆಯಲ್ಲಿ ಬರಿದೆ ‘ಲಾಗರ್’ ಎಂದರೆ ಸಾಕು, ಮುಂದೆ ಬಂದು ಕೂರುವುದು ಯಿಂಗ್ಲಿಂಗರ ಸೀಸೆಯೇ.

‘ವಹಿಸಿಕೊಂಡ’ ಎಂದೆನಲ್ಲ, ಸ್ವಾರಸ್ಯ ಇರುವುದು ಅಲ್ಲಿಯೇ. ತಂದೆ ಮಗನಿಗೆ ಕಾರ್ಖಾನೆಯನ್ನು ಬರೆದುಕೊಡಲಿಲ್ಲ, ಮಾರಿದ! ಪ್ರತಿ ತಲೆಮಾರೂ ಹಿಂದಿನವರಿಂದ ಕ್ರಯ ಕೊಟ್ಟು ಕೊಳ್ಳಬೇಕೆಂಬುದು ಆ ಮನೆಯ ಪದ್ಧತಿ.

“ಹೆತ್ತ ಮಗನ ಕೈಯಿಂದ ದುಡ್ಡು ಎಣಿಸಿಕೊಳ್ಳುವುದೇ? ಅದೆಂಥ ಕಲ್ಲೆದೆ!” ಎಂದು ನಮ್ಮ ತಾಯಂದಿರು ಕೇಳಿಯಾರು. ಸಾಲ ಮಾಡಿ ಕೊಂಡವನ ಕಷ್ಟವೂ ಸಣ್ಣದಲ್ಲ. ಆದರೆ ನಮ್ಮ ಮನೆಗಳಲ್ಲಿ ಆಗುವುದನ್ನೂ ನೋಡೋಣ. ಅಂಗಡಿಯ ಗಲ್ಲಾಪೆಟ್ಟಿಗೆಯ ಮುಂದೆ ಅಪ್ಪ ಮೂವತ್ತು ವರ್ಷ ಸವೆಯುತ್ತಾನೆ. ಆತ ಕಣ್ಣು ಮುಚ್ಚಿದ ವರ್ಷದೊಳಗೆ ಅಂಗಡಿ ಪಾಲಾಗುತ್ತದೆ. ಇಲ್ಲವೆ ಕೋರ್ಟಿನ ಮೆಟ್ಟಿಲು ಹತ್ತುತ್ತದೆ. ಪಿತ್ರಾರ್ಜಿತದ ಮೇಲೆ ಎಲ್ಲರಿಗೂ ಹಕ್ಕು; ಬೆಳಿಗ್ಗೆ ಎದ್ದು ಬಾಗಿಲು ತೆರೆಯುವ ಹೊಣೆ ಮಾತ್ರ ಯಾರಿಗೂ ಬೇಡ. ಯಿಂಗ್ಲಿಂಗರು ಪಿತ್ರಾರ್ಜಿತವನ್ನು ಪ್ರತಿ ತಲೆಮಾರಿನಲ್ಲೂ ಸ್ವಯಾರ್ಜಿತವಾಗಿ ಮಾಡಿಕೊಂಡರು. ಬೇಕೆಂದವನು ಬೆಲೆ ಕೊಟ್ಟು ಬಂದ. ಬಂದಮೇಲೆ ಸುಮ್ಮನೆ ಕೂರುವಂತಿರಲಿಲ್ಲ.

ಡಿಕ್ ಯಿಂಗ್ಲಿಂಗನಿಗೆ ಗಂಡುಮಕ್ಕಳಿಲ್ಲ. ನಾಲ್ವರು ಹೆಣ್ಣುಮಕ್ಕಳೂ ಅದೇ ಕಾರ್ಖಾನೆಯ ಕೆಲಸಕ್ಕೆ ಹೆಗಲು ಕೊಟ್ಟವರು. ಐದು ತಲೆಮಾರು ಗಂಡುಮಕ್ಕಳೇ ನಡೆಸಿದ ಮನೆಯಲ್ಲಿ ಆರನೆಯ ಸರದಿ ಅವರದು.

ನಿಮ್ಮ ಮನೆಯ ಉದ್ದಿಮೆಯನ್ನು ಮಕ್ಕಳಿಗೆ ಬಿಟ್ಟುಹೋಗುವಿರೋ, ಮಾರುವಿರೋ? ಒಂದು ಸಂಜೆ ಮನೆಮಂದಿಯೆಲ್ಲ ಕೂತು ಮಾತಾಡಿ ನೋಡಿ.