ಹತ್ತು ರೂಪಾಯಿ ಡಬ್ಬಿ ಕೆಟ್ಟರೆ ಇಡೀ ಮೆಷಿನ್ ಗುಜರಿಗೇಕೆ?

ಮನೆಯ ಫ್ಯಾನ್ ನಿಧಾನವಾದರೆ ನೀವು ಏನು ಮಾಡುತ್ತೀರಿ? ಕಂಡೆನ್ಸರ್ ಬದಲಾಯಿಸುತ್ತೀರಿ. ಬೋರ್‌ವೆಲ್ ಮೋಟರ್ ಗುಂಯ್ ಅಂತ ಸದ್ದು ಮಾಡಿ ನೀರು ಎತ್ತದಿದ್ದರೆ ಪ್ಯಾನಲ್ ಪೆಟ್ಟಿಗೆ ತೆಗೆದು ಮೊದಲು ಕೆಪಾಸಿಟರ್ ನೋಡುತ್ತೀರಿ. ಎರಡೂ ಒಂದೇ ವಸ್ತುವಿನ ಹೆಸರು. ಅದು ಕೆಟ್ಟಿತೆಂದು ಯಾರೂ ಮೋಟರನ್ನೇ ಗುಜರಿಗೆ ಹಾಕುವುದಿಲ್ಲ. ಅದೇ ಜಾತಿಯ ಭಾಗ ಟಿವಿ, ಮಾನಿಟರ್ ಒಳಗೆ ಕೆಟ್ಟರೆ ಮಾತ್ರ "ಬೋರ್ಡ್ ಹೋಗಿದೆ, ಹೊಸದು ತಗೊಳ್ಳಿ" ಅಂದವರ ಮುಂದೆ ತಲೆಯಾಡಿಸುತ್ತೇವೆ. ಈ ತಲೆಯಾಡಿಸುವಿಕೆಯನ್ನು ನಾವು ಒಪ್ಪುವುದಿಲ್ಲ.

ನಮ್ಮ ತಾಲ್ಲೂಕಿನ ಬಸ್ ಸ್ಟ್ಯಾಂಡ್ ಹಿಂದೆ ಒಂದು ವಿಡಿಯೋ ಗೇಮ್ ಅಂಗಡಿ ಇತ್ತು. ಕಾಸು ಹಾಕಿ ನಿಂತು ಆಡುವ ಮರದ ಪೆಟ್ಟಿಗೆಗಳು. ಅಂಗಡಿ ಮುಚ್ಚಿ ವರ್ಷಗಳಾದವು. ಮಾಲೀಕರ ಬಳಿ ಉಳಿದದ್ದು ಒಂದೇ ಮೆಷಿನ್. ಜಾತ್ರೆಯಿಂದ ಜಾತ್ರೆಗೆ ಅದನ್ನು ಟೆಂಪೋದಲ್ಲಿ ಹೊತ್ತೊಯ್ದೇ ಅವರ ಸಂಸಾರ ನಡೆಯುವುದು. ಈ ಸಲ ಜಾತ್ರೆಗೆ ಮುಂಚೆ ಅದರ ಚಿತ್ರ ಅಲೆಯಲೆಯಾಗಿ ಅಲುಗಾಡತೊಡಗಿತು, ಮೇಲ್ಭಾಗ ಮಡಚಿಕೊಂಡಿತು. ಸಿಟಿಯಿಂದ ಬಂದ ಹುಡುಗ ಹಿಂದಿನ ಮುಚ್ಚಳವನ್ನೂ ತೆಗೆಯದೆ ಹೇಳಿದ: "ಮಾನಿಟರ್ ಹೋಗಿದೆ ಸಾರ್, ಎಲ್‌ಸಿಡಿ ಹಾಕ್ಸಿ."

ಮಾಲೀಕರು ಕೊನೆಗೆ ಹೋದದ್ದು ಹಳೇ ರೇಡಿಯೋ, ಟಿವಿ ರಿಪೇರಿ ಮಾಡುವ ಹಿರಿಯರೊಬ್ಬರ ಹತ್ತಿರ. ನಾವೂ ಜೊತೆಗಿದ್ದೆವು. ಅವರು ಮುಚ್ಚಳ ತೆಗೆದು, ಬೋರ್ಡಿನ ಮೇಲೆ ಟಾರ್ಚ್ ಹಾಯಿಸಿ, ತಲೆ ಉಬ್ಬಿದ ಒಂದೆರಡು ಡಬ್ಬಿ ತೋರಿಸಿದರು. "ಟ್ಯೂಬ್ ಚೆನ್ನಾಗಿದೆ ಸ್ವಾಮಿ, ಸತ್ತಿರೋದು ಇವು." ಹಳೆಯದಾದ ಮಿಕ್ಕ ಕೆಪಾಸಿಟರ್‌ಗಳನ್ನೂ ಸೇರಿಸಿ ಬದಲಾಯಿಸಿದರು. ಸಾಮಾನಿಗೆ ಮುನ್ನೂರು ರೂಪಾಯಿಯೂ ಆಗಲಿಲ್ಲ. ಚಿತ್ರ ನೆಟ್ಟಗೆ ನಿಂತಿತು.

ಇದರಲ್ಲಿ ಪವಾಡವೇನಿಲ್ಲ. ಆ ಡಬ್ಬಿಯೊಳಗೆ ಅಲ್ಯೂಮಿನಿಯಂ ಹಾಳೆ, ದ್ರಾವಣದಲ್ಲಿ ನೆನೆದ ಕಾಗದ ಸುತ್ತಿಟ್ಟಿರುತ್ತದೆ. ಬಿಸಿಗೆ ದ್ರಾವಣ ವರ್ಷವರ್ಷ ಒಣಗುತ್ತದೆ. ಶಾಖ 10 ಡಿಗ್ರಿ ಹೆಚ್ಚಿದರೆ ಆಯಸ್ಸು ಅರ್ಧವಾಗುತ್ತದೆ ಎಂಬುದು ಈ ಕಸುಬಿನ ಲೆಕ್ಕ. ಪವರ್ ಭಾಗದ್ದು ಒಣಗಿದರೆ ಚಿತ್ರ ಅಲೆಯಾಡುತ್ತದೆ. ಚಿತ್ರವನ್ನು ಮೇಲೆ ಕೆಳಗೆ ಹರಡುವ ಭಾಗದ್ದು ಒಣಗಿದರೆ ಚಿತ್ರ ಕುಗ್ಗುತ್ತದೆ ಅಥವಾ ಮಡಚಿಕೊಳ್ಳುತ್ತದೆ. ಹೊಸದು ಹಾಕುವಾಗ ಮೈಕ್ರೋಫ್ಯಾರಡ್ ಅಷ್ಟೇ ಇರಬೇಕು, ವೋಲ್ಟ್ ಅಷ್ಟೇ ಅಥವಾ ಹೆಚ್ಚಿರಬೇಕು, 105 ಡಿಗ್ರಿಯದಾದರೆ ಒಳ್ಳೆಯದು, ಪ್ಲಸ್ ಮೈನಸ್ ಅದಲುಬದಲಾಗಬಾರದು.

ಒಂದು ಎಚ್ಚರಿಕೆ. ಇದನ್ನು ಓದಿ ನೀವೇ ಸ್ಕ್ರೂಡ್ರೈವರ್ ಹಿಡಿಯಬೇಡಿ. ಆಡುವಾಗ ಪಿಕ್ಚರ್ ಟ್ಯೂಬಿನಲ್ಲಿ ಸುಮಾರು 20 ಸಾವಿರ ವೋಲ್ಟ್ ಇರುತ್ತದೆ. ಪ್ಲಗ್ ಕಿತ್ತ ಮೇಲೂ ಆ ಚಾರ್ಜ್ ಒಳಗೆ ಉಳಿದಿರಬಹುದು. ಆ ಹಿರಿಯರು ಕೂಡ ಮೊದಲು ಮಾಡಿದ್ದು ಟ್ಯೂಬನ್ನು ಡಿಸ್ಚಾರ್ಜ್ ಮಾಡುವ ಕೆಲಸ. ಕಸುಬು ಬಲ್ಲವರಿಗೆ ಬೆಲೆ ಬರುವುದೇ ಇಲ್ಲಿ.

ಅಮೆರಿಕದಲ್ಲಿ 1980ರ ದಶಕದ ಪ್ಯಾಕ್‌ಮ್ಯಾನ್ ಪೆಟ್ಟಿಗೆಗಳು ಇಂದಿಗೂ ಓಡುತ್ತಿವೆ. ವೆಲ್ಸ್ ಗಾರ್ಡ್ನರ್, ಎಲೆಕ್ಟ್ರೋಹೋಮ್ ಕಂಪನಿಗಳು ಆ ಮಾನಿಟರ್‌ಗಳಿಗೆ ಸರ್ಕ್ಯೂಟ್ ನಕ್ಷೆ ಸಮೇತ ಸರ್ವಿಸ್ ಪುಸ್ತಕ ಕೊಟ್ಟಿದ್ದವು. ಅದನ್ನು ನೋಡಿ, ಯಾವ ಮಾದರಿಗೆ ಯಾವ ಕೆಪಾಸಿಟರ್ ಬೇಕೋ ಅಷ್ಟನ್ನೂ ಒಂದೇ ಪೊಟ್ಟಣದಲ್ಲಿ ಅಲ್ಲಿ ಇಂದಿಗೂ ಮಾರುತ್ತಾರೆ. ನಲವತ್ತು ವರ್ಷದ ಮೆಷಿನ್ ಬದುಕಿದ್ದು ಹೀಗೆ. ಇವತ್ತು ನೀವು ಕೊಂಡ ಟಿವಿಯ ಡಬ್ಬದಲ್ಲಿ ನಕ್ಷೆ ಇದೆಯೇ? ಹುಡುಕಿ ನೋಡಿ, ವಾರಂಟಿ ಕಾರ್ಡ್ ಸಿಗುತ್ತದೆ.

"ಪಿಕ್ಚರ್ ಟ್ಯೂಬಿನ ಕಾಲ ಮುಗಿಯಿತು, ಎಲ್‌ಇಡಿಗೆ ಕರೆಂಟೂ ಕಡಿಮೆ" ಅನ್ನುವವರಿದ್ದಾರೆ. ಕರೆಂಟಿನ ಮಾತು ನಿಜ. ಆದರೆ ಆ ಎಲ್‌ಇಡಿ ಟಿವಿಯ ಪವರ್ ಬೋರ್ಡಿನಲ್ಲೂ ಇದೇ ಡಬ್ಬಿಗಳಿವೆ, ಅವೂ ಒಣಗುತ್ತವೆ. ಆಗಲೂ "ಬೋರ್ಡ್ ಹೋಗಿದೆ" ಅನ್ನುತ್ತಾರೆ. ಇನ್ನು ಗುಜರಿಗೆ ಹೋದ ಹಳೇ ಮಾನಿಟರ್ ಏನಾಗುತ್ತದೆ? ತಾಮ್ರಕ್ಕಾಗಿ ಒಡೆಯುತ್ತಾರೆ, ಸೀಸ ಬೆರೆತ ಟ್ಯೂಬಿನ ಗಾಜು ಹಳ್ಳಕ್ಕೆ ಬೀಳುತ್ತದೆ. ಆ ಹಳ್ಳದಲ್ಲಿ ನೀರು ಕುಡಿಯುವುದು ನಮ್ಮ ದನ.

ಕೇಂದ್ರ ಸರ್ಕಾರ 2022ರ ಡಿಸೆಂಬರಿನಲ್ಲಿ ರಿಪೇರಿ ಹಕ್ಕಿನ ಪೋರ್ಟಲ್ ತೆರೆಯಿತು. ಒಳ್ಳೆಯದೇ. ಆದರೆ ಪೋರ್ಟಲ್ ಕಾನೂನಲ್ಲ. ಮಾರುವ ಪ್ರತಿ ಮಾದರಿಯ ನಕ್ಷೆಯನ್ನೂ ಬಿಡಿಭಾಗವನ್ನೂ ಹೊರಗಿನ ರಿಪೇರಿಯವರಿಗೆ ಕೊಡಲೇಬೇಕು ಎಂಬ ಕಾನೂನು ಬೇಕು. ನಮ್ಮ ಸಂಸದರು ಮತ ಕೇಳಲು ಬಂದಾಗ ರಸ್ತೆ, ಚರಂಡಿಯ ಜೊತೆ ಇದನ್ನೂ ಕೇಳೋಣ.

ತಪ್ಪು ನಮ್ಮಲ್ಲೂ ಇದೆ. ಹೊಸ ಟಿವಿಗೆ ಹದಿನೈದು ಸಾವಿರ ಕೇಳಿದರೆ ಕಂತು ಕಟ್ಟಿ ತರುತ್ತೇವೆ. ಎರಡು ಗಂಟೆ ಬೆನ್ನು ಬಗ್ಗಿಸಿ ಬೆಸುಗೆ ಹಾಕಿದವರು ಐನೂರು ಕೇಳಿದರೆ "ಇಷ್ಟಕ್ಕಾ?" ಅನ್ನುತ್ತೇವೆ. ಆ ಹಿರಿಯರ ಮಗ ಕಸುಬು ಬಿಟ್ಟು ಬೆಂಗಳೂರಿನಲ್ಲಿ ಸೆಕ್ಯುರಿಟಿ ಕೆಲಸಕ್ಕೆ ಹೋಗಿದ್ದಾನೆ. ಅವರ ನಂತರ ಆ ಬೆಂಚಿನ ಮುಂದೆ ಕೂರುವವರಿಲ್ಲ.

ಮುಂದಿನ ಸಲ ಯಾರಾದರೂ "ಬೋರ್ಡ್ ಹೋಗಿದೆ" ಅಂದರೆ ಒಂದು ಮಾತು ಕೇಳಿ: "ಯಾವ ಭಾಗ ಹೋಗಿದೆ? ತೆಗೆದು ತೋರಿಸಿ." ತೋರಿಸಿ ಸರಿಮಾಡಿದವರಿಗೆ ಚೌಕಾಸಿ ಮಾಡದೆ ದುಡ್ಡು ಕೊಡಿ. ತೋರಿಸಲಾಗದವರಿಗೆ ನಿಮ್ಮ ಟಿವಿ ಕೊಡಬೇಡಿ.