ಅಕ್ಷರಗುಂಡಿಗೆ ಓದುಗರು ಬೇಕು

ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯ ಬುಡದಲ್ಲಿ ಒಂದು ಬಂಡೆಯಿದೆ. ಸುತ್ತಲಿನ ಜನ ಅದನ್ನು ‘ಅಕ್ಷರಗುಂಡು’ ಎನ್ನುತ್ತಾರೆ. ಎರಡು ಸಾವಿರ ವರ್ಷಗಳಿಗೂ ಹಿಂದೆ ಅಶೋಕ ಚಕ್ರವರ್ತಿ ಅದರ ಮೇಲೆ ತನ್ನ ಧರ್ಮದ ಮಾತನ್ನು ಕೊರೆಸಿದ. ತಂದೆತಾಯಿಗೆ ವಿಧೇಯರಾಗಿರುವುದು, ಜೀವಿಗಳಲ್ಲಿ ದಯೆ ಇಡುವುದು, ಸತ್ಯ ನುಡಿಯುವುದು ಇವೆಲ್ಲ ಅದರಲ್ಲಿವೆ. ಭಾಷೆ ಪ್ರಾಕೃತ, ಲಿಪಿ ಬ್ರಾಹ್ಮಿ. ಬರೆದವನು ಚಪಡ. ಅವನು ತಾನು ಲಿಪಿಕಾರನೆಂಬುದನ್ನು ದೂರದ ವಾಯವ್ಯ ಸೀಮೆಯ ಖರೋಷ್ಠಿ ಲಿಪಿಯಲ್ಲಿ ಬರೆದುಕೊಂಡ. 1892ರಲ್ಲಿ ಬಿ.ಎಲ್. ರೈಸ್ ಬಂದು ಓದುವವರೆಗೆ ಆ ಬಂಡೆಯ ಸುತ್ತ ಕುರಿ ಮೇಯಿಸಿಕೊಂಡಿದ್ದ ಜನರಿಗೆ ಅಲ್ಲಿ ಅಕ್ಷರ ಇದೆ ಎಂಬುದು ಗೊತ್ತಿತ್ತು, ಅದು ಏನು ಹೇಳುತ್ತದೆ ಎಂಬುದು ಗೊತ್ತಿರಲಿಲ್ಲ.

ನಮ್ಮ ಮೊಹಲ್ಲಾಗಳಲ್ಲಿ ಇಸ್ಲಾಮಿ ಚಿಂತನೆಯ ಪಾಡು ಇದೇ ಆಗಿದೆ ಎಂದು ನಾನು ಹೇಳಿದರೆ ಹಿರಿಯರಿಗೆ ಸಿಟ್ಟು ಬರಬಹುದು. ಆದರೂ ಹೇಳುತ್ತೇನೆ.

ಮೂರು ವರ್ಷಗಳ ಹಿಂದೆ ಚಳ್ಳಕೆರೆಯಲ್ಲಿ ಒಂದು ಜುಮ್ಮಾ ನಮಾಜಿನ ನಂತರ ಪೇಶ್ ಇಮಾಮರ ಕೋಣೆಯಲ್ಲಿ ಕುಳಿತಿದ್ದೆ. ಬಾಗಿಲಿನಾಚೆ ಒಬ್ಬ ಹೆಂಗಸು ನಿಂತಿದ್ದರು. ಹುಣಸೆಹಣ್ಣಿನ ಬೀಜ ಬಿಡಿಸುವ ಕೂಲಿಯವರು. ಕೈಯಲ್ಲಿ ಮೂರು ಸಾಲದ ಕಾರ್ಡುಗಳು. ಒಂದು ಸಂಘದ ಕಂತು ಕಟ್ಟಲು ಇನ್ನೊಂದರಲ್ಲಿ ಸಾಲ, ಅದನ್ನು ತೀರಿಸಲು ಮತ್ತೊಂದರಲ್ಲಿ. “ಹಜರತ್, ಬ್ಯಾಜ್ ಹರಾಮ್ ಕತೆ ಮಾಲೂಮ್ ಹೈ. ನಿಕಲ್ನೇಕಾ ರಸ್ತಾ ಬತಾವ್” ಎಂದರು. ಬಡ್ಡಿ ಹರಾಮ್ ಎಂಬುದು ಗೊತ್ತಿದೆ, ಹೊರಬರುವ ದಾರಿ ಹೇಳಿ ಎಂಬುದು ಅವರ ಪ್ರಶ್ನೆ.

ಇಮಾಮರು ಇನ್ನೂ ಮೂವತ್ತು ದಾಟದ ಹುಡುಗ. ಎಂಟು ವರ್ಷ ಆಲಿಮ್ ಕೋರ್ಸ್ ಮುಗಿಸಿ, ಮೇಲೆ ಫತ್ವಾ ಬರೆಯುವ ತರಬೇತಿಯನ್ನೂ ಪಡೆದವರು. ಮದ್ರಸಾದ ಲೆಕ್ಕದಲ್ಲಿ ಅದು ಸ್ನಾತಕೋತ್ತರ ಪದವಿಯೇ. ಅವರು ಬಡ್ಡಿಯ ಪಾಪದ ಬಗ್ಗೆ ಹೇಳಿದರು, ತೌಬಾ ಮಾಡಲು ಹೇಳಿದರು, ದುಆ ಮಾಡಿ ಕಳಿಸಿದರು. ಹೆಂಗಸು ತಲೆಬಾಗಿಸಿ ಹೋದರು. ಆಮೇಲೆ ಅವರು ಬಿಟ್ಟುಹೋಗಿದ್ದ ಒಂದು ಕಾರ್ಡನ್ನು ಇಮಾಮರು ನನ್ನತ್ತ ಚಾಚಿ, “ಭಾಯ್, ಇದರಲ್ಲಿ ಏನು ಬರೆದಿದ್ದಾರೆ ಸ್ವಲ್ಪ ಓದಿ” ಎಂದರು. ಅದು ಕನ್ನಡದಲ್ಲಿತ್ತು.

ಆ ಹುಡುಗನನ್ನು ನಾನು ದೂರುವುದಿಲ್ಲ. ಅವನಲ್ಲಿ ಪ್ರಾಮಾಣಿಕತೆ ಇತ್ತು, ಕರುಣೆಯೂ ಇತ್ತು. ‘ರಿಬಾ’ದ ವ್ಯಾಖ್ಯೆಯನ್ನು ನಾಲ್ಕು ಮಜ್ಹಬ್‌ಗಳ ಪ್ರಕಾರ ಅರಬ್ಬಿಯಲ್ಲಿ ಒಪ್ಪಿಸಬಲ್ಲ. ಆದರೆ ತನ್ನ ಮಸೀದಿಯ ಬಾಗಿಲಿಗೆ ಬಂದ ರಿಬಾದ ಕಾಗದವನ್ನು ಓದಲಾರ. ಅವನಿಗೆ ಇಂಥ ಓದು ಕೊಟ್ಟ ನಾವು, ಅಂದರೆ ಜಮಾಅತ್ ಕಮಿಟಿಗಳು, ಮುತವಲ್ಲಿಗಳು, ಚಂದಾ ಕೊಡುವ ವ್ಯಾಪಾರಿಗಳು, ನನ್ನಂಥ ಬರಹಗಾರರು, ಉತ್ತರ ಹೇಳಬೇಕಾದವರು.

ಫಿಕ್ಹ್ ಹುಟ್ಟಿದ್ದು ಹೀಗಲ್ಲ. ಇಮಾಮ್ ಅಬೂ ಹನೀಫಾ ಕೂಫಾ ಪಟ್ಟಣದಲ್ಲಿ ರೇಷ್ಮೆ ಬಟ್ಟೆಯ ವ್ಯಾಪಾರಿಯಾಗಿದ್ದರು. ದೋಷವಿದ್ದ ಒಂದು ಬಟ್ಟೆಯನ್ನು ಪಾಲುದಾರ ದೋಷ ಹೇಳದೆ ಮಾರಿದಾಗ ಬಂದ ಹಣವನ್ನೆಲ್ಲ ಅವರು ದಾನ ಮಾಡಿಬಿಟ್ಟರೆಂಬ ಕಥೆಯನ್ನು ನಮ್ಮ ಖುತ್ಬಾಗಳಲ್ಲಿ ಕೇಳುತ್ತಲೇ ಇರುತ್ತೇವೆ. ಅವರ ಭಕ್ತಿಗೆ ಉದಾಹರಣೆಯಾಗಿ ಮಾತ್ರ ಕೇಳುತ್ತೇವೆ. ಕ್ರಯವಿಕ್ರಯದ ಬಗ್ಗೆ ಅವರ ತೀರ್ಮಾನಗಳು ಅಷ್ಟು ಸೂಕ್ಷ್ಮವಾಗಿದ್ದುದಕ್ಕೆ ಅಂಗಡಿಯ ಅನುಭವವೂ ಕಾರಣವೆಂಬುದನ್ನು ಯಾರೂ ಹೇಳುವುದಿಲ್ಲ. ಅವರ ಶಿಷ್ಯ ಅಬೂ ಯೂಸುಫ್ ಖಲೀಫಾ ಹಾರೂನ್ ರಶೀದರಿಗಾಗಿ ಭೂಕಂದಾಯದ ಮೇಲೆಯೇ ಒಂದು ಗ್ರಂಥ ಬರೆದರು. ಇಮಾಮ್ ಶಾಫಿಈ ಬಾಗ್ದಾದ್ ಬಿಟ್ಟು ಈಜಿಪ್ಟಿಗೆ ಹೋದ ಮೇಲೆ ತಮ್ಮ ಹಲವು ಅಭಿಪ್ರಾಯಗಳನ್ನು ಪುನಃ ಪರಿಶೀಲಿಸಿ ಬದಲಾಯಿಸಿದರು. ಅವರ ‘ಹಳೆಯ ಮತ’ ಮತ್ತು ‘ಹೊಸ ಮತ’ ಎಂದು ಇಂದಿಗೂ ಬೇರೆಬೇರೆಯಾಗಿಯೇ ಪಾಠ ಮಾಡುತ್ತಾರೆ. ಬಾಗ್ದಾದಿನಿಂದ ಈಜಿಪ್ಟಿಗೆ ಹೋದರೆ ಒಬ್ಬ ಇಮಾಮರ ತೀರ್ಪು ಬದಲಾಗಬಹುದಾದರೆ, ಈಜಿಪ್ಟಿನಿಂದ ಚಳ್ಳಕೆರೆಗೆ ಬಂದಾಗ ಏನನ್ನೂ ಯೋಚಿಸಬೇಕಾಗಿಲ್ಲವೆ?

ಮೊಳಕಾಲ್ಮೂರಿಗೂ ರೇಷ್ಮೆಯೇ ಅನ್ನ. ಅಲ್ಲಿನ ಸೀರೆಗೆ ಭೌಗೋಳಿಕ ಸೂಚನೆಯ ಮಾನ್ಯತೆ ಸಿಕ್ಕಿದೆ. ಮಾಲೀಕನಿಂದ ಮುಂಗಡ ಪಡೆದು ಮಗ್ಗಕ್ಕೆ ಕುಳಿತವನ ಕೂಲಿ ಆ ಮುಂಗಡಕ್ಕೇ ಜಮೆಯಾಗುತ್ತ ಹೋದರೆ ಅದು ಕೂಲಿಯೋ, ಸಾಲವೋ, ಮಾಲೀಕ ಹೆಸರು ಬದಲಿಸಿ ತಿನ್ನುವ ಬಡ್ಡಿಯೋ? ಕೂಫಾದ ರೇಷ್ಮೆ ವ್ಯಾಪಾರಿಯ ಮುಂದೆ ಈ ಪ್ರಶ್ನೆ ಬಂದಿದ್ದರೆ ಅವರು ಶಿಷ್ಯರನ್ನು ಸುತ್ತ ಕೂರಿಸಿಕೊಂಡು ದಿನಗಟ್ಟಲೆ ವಾದಿಸುತ್ತಿದ್ದರು. ಅವರ ಹೆಸರು ಹೇಳಿಕೊಳ್ಳುವ ನಾವು ಕುಕ್ಕೆಯಲ್ಲಿ ಬಿದ್ದ ಕೂದಲಿನ ಬಗ್ಗೆ, ಪೈಜಾಮದ ಉದ್ದದ ಬಗ್ಗೆ ವಾದಿಸುತ್ತಿದ್ದೇವೆ.

ಇದರ ಬೆಲೆಯನ್ನು ನಾವು ರೊಕ್ಕದಲ್ಲಿಯೇ ತೆತ್ತಿದ್ದೇವೆ. 2019ರ ಜೂನ್‌ನಲ್ಲಿ ಬೆಂಗಳೂರಿನ ಐಎಂಎ ಕುಸಿದುಬಿತ್ತು. ‘ಹಲಾಲ್ ಹೂಡಿಕೆ’ ಎಂಬ ಮಾತನ್ನು ನಂಬಿ ಹತ್ತಾರು ಸಾವಿರ ಜನ, ಅವರಲ್ಲಿ ಬಹುಪಾಲು ಮುಸ್ಲಿಮರು, ಸಾವಿರಾರು ಕೋಟಿ ರೂಪಾಯಿ ಹಾಕಿದ್ದರು. ಮಗಳ ಮದುವೆಗೆ ಕೂಡಿಸಿದ್ದು, ಗಲ್ಫ್‌ನಲ್ಲಿ ದುಡಿದದ್ದು, ನಿವೃತ್ತಿಯ ಹಣ ಎಲ್ಲವೂ ಹೋಯಿತು. ಬಡ್ಡಿ ಎಂಬ ಪದ ಇಲ್ಲದಿದ್ದರೆ ಸಾಕು, ಹಲಾಲ್ ಎಂಬ ಪದ ಇದ್ದರೆ ಸಾಕು ಎಂದುಕೊಂಡೆವು. ಲಾಭ ಎಲ್ಲಿಂದ ಬರುತ್ತಿದೆ, ಲೆಕ್ಕಪತ್ರ ಎಲ್ಲಿದೆ ಎಂದು ಕೇಳುವುದು ಕೂಡ ಶರೀಅತ್‌ನ ಕೆಲಸವೇ. ಫಿಕ್ಹ್ ಮತ್ತು ಬ್ಯಾಲೆನ್ಸ್ ಶೀಟ್ ಎರಡನ್ನೂ ಓದಬಲ್ಲ ಐವತ್ತು ಜನ ಈ ರಾಜ್ಯದ ಐವತ್ತು ಊರುಗಳಲ್ಲಿದ್ದು, ಜನರಿಗೆ ತಿಳಿಯುವ ಮಾತಿನಲ್ಲಿ ಎಚ್ಚರಿಸಿದ್ದರೆ ಎಷ್ಟು ಮನೆಗಳು ಉಳಿಯುತ್ತಿದ್ದವು?

ಇನ್ನೊಂದು ಉದಾಹರಣೆ ಚಳ್ಳಕೆರೆಯ ಮಗ್ಗುಲಲ್ಲೇ ಇದೆ. ಕುದಾಪುರ, ಉಳ್ಳಾರ್ತಿ ಸುತ್ತಲಿನ ಅಮೃತಮಹಲ್ ಕಾವಲು. ಮೈಸೂರು ಅರಸರ ಕಾಲದ ‘ಬೆಣ್ಣೆ ಚಾವಡಿ’ಗೆ ಅಮೃತಮಹಲ್ ಎಂಬ ಹೆಸರಿಟ್ಟವನು ಟಿಪ್ಪು ಸುಲ್ತಾನ್. ಆ ಹುಲ್ಲುಗಾವಲಿನಲ್ಲಿ ಸುಮಾರು 10,000 ಎಕರೆಯನ್ನು ವಿಜ್ಞಾನ ಮತ್ತು ರಕ್ಷಣಾ ಸಂಸ್ಥೆಗಳಿಗೆ ಕೊಡಲಾಯಿತು; ಭಾರತೀಯ ವಿಜ್ಞಾನ ಸಂಸ್ಥೆಯೊಂದಕ್ಕೇ 1,500 ಎಕರೆ. ಬೇಲಿ ಬಿತ್ತು, ಗೋಡೆ ಎದ್ದಿತು, ಕುರಿಗಾಹಿಗಳು ಮತ್ತು ಕಂಬಳಿ ನೇಯುವವರು ಹೊರಗೆ ಉಳಿದರು. ಪ್ರಕರಣ ಹಸಿರು ನ್ಯಾಯಮಂಡಳಿಯವರೆಗೂ ಹೋಯಿತು.

ಹುಲ್ಲುಗಾವಲಿನ ಬಗ್ಗೆ ಇಸ್ಲಾಮಿಗೆ ಹೇಳಲು ಏನಾದರೂ ಇದೆಯೆ ಎಂದು ನಮ್ಮಲ್ಲಿ ಎಷ್ಟು ಜನ ಕೇಳಿಕೊಂಡೆವು? ನೀರು, ಹುಲ್ಲು, ಬೆಂಕಿ ಈ ಮೂರರಲ್ಲಿ ಜನರೆಲ್ಲ ಪಾಲುದಾರರು ಎಂಬ ಅರ್ಥದ ಹದೀಸ್ ಇದೆ. ‘ಹಿಮಾ’ ಎಂಬ ಒಂದು ಇಡೀ ಪರಿಕಲ್ಪನೆಯೇ ಇದೆ. ಬುಡಕಟ್ಟಿನ ನಾಯಕರು ಒಳ್ಳೆಯ ಮೇವಿನ ನೆಲವನ್ನು ತಮಗಾಗಿ ಕಾದಿಡುತ್ತಿದ್ದ ಪದ್ಧತಿಯನ್ನು ಪ್ರವಾದಿಯವರು(ಸ) ನಿಲ್ಲಿಸಿ, ಅಂಥ ಕಾವಲು ಸಾರ್ವಜನಿಕ ಹಿತಕ್ಕೆ ಮಾತ್ರ ಎಂದರು. ಖಲೀಫಾ ಉಮರ್ ತಾವು ಕಾದಿಟ್ಟ ಹುಲ್ಲುಗಾವಲಿನ ಮೇಲ್ವಿಚಾರಕನಿಗೆ, ನಾಲ್ಕಾರು ಒಂಟೆ, ಕುರಿ ಇರುವ ಬಡವನನ್ನು ಒಳಗೆ ಬಿಡು, ಇಬ್ನ್ ಔಫ್, ಇಬ್ನ್ ಅಫ್ಫಾನರಂಥ ಶ್ರೀಮಂತರ ಹಿಂಡನ್ನು ಬಿಡಬೇಡ ಎಂದು ಆದೇಶಿಸಿದ ವಿವರ ಹದೀಸ್ ಗ್ರಂಥಗಳಲ್ಲಿದೆ. ಶ್ರೀಮಂತನ ಹಿಂಡು ಸತ್ತರೆ ಅವನಿಗೆ ತೋಟವಿದೆ, ಹೊಲವಿದೆ; ಬಡವನ ಹಿಂಡು ಸತ್ತರೆ ಅವನು ಮಕ್ಕಳನ್ನು ಕರೆದುಕೊಂಡು ಖಲೀಫಾನ ಬಾಗಿಲಿಗೇ ಬರುತ್ತಾನೆ ಎಂಬುದು ಅವರ ವಾದ. ಕಾವಲಿನ ಚರ್ಚೆ ನಡೆಯುತ್ತಿದ್ದ ವರ್ಷಗಳಲ್ಲಿ ಇದನ್ನು ಕನ್ನಡದಲ್ಲಿ ಕುರಿಗಾಹಿಯ ಮುಂದೆ ಹೇಳಿದ್ದರೆ ನಮ್ಮ ಧರ್ಮದ ಬಗ್ಗೆ ಅವನಿಗೂ ಒಂದು ಮಾತು ತಿಳಿಯುತ್ತಿತ್ತು. ಮುಸ್ಲಿಮರು ಬೀದಿಗಿಳಿಯುವುದು ತಮ್ಮ ಖಬರಸ್ತಾನಕ್ಕಾಗಿ ಮಾತ್ರ ಎಂಬ ದೂರಿಗೂ ಉತ್ತರ ಸಿಗುತ್ತಿತ್ತು.

ಇಂಥ ಓದು ಎಲ್ಲೂ ಇಲ್ಲವೆಂದಲ್ಲ. ಅಲಿಗಢದಲ್ಲಿ 1954ರಿಂದ ಇಸ್ಲಾಮಿ ಅಧ್ಯಯನದ ಸಂಸ್ಥೆ ಇದೆ. ದೆಹಲಿಯ ಜಾಮಿಯಾದಲ್ಲಿದೆ, ಹೈದರಾಬಾದಿನ ಉರ್ದು ವಿಶ್ವವಿದ್ಯಾಲಯದಲ್ಲಿದೆ. ಕೇರಳದಲ್ಲಿ ಇಸ್ಲಾಮಿ ಇತಿಹಾಸ ಕಾಲೇಜಿನ ಪಾಠದ ವಿಷಯ. ಅಲ್ಲಿ ಓದಿದವರು ಉರ್ದುವಿನಲ್ಲೋ ಇಂಗ್ಲಿಷಿನಲ್ಲೋ ಪ್ರಬಂಧ ಬರೆಯುತ್ತಾರೆ. ಬಹಳ ಒಳ್ಳೆಯದು. ಆದರೆ ಆ ಪ್ರಬಂಧ ಚಳ್ಳಕೆರೆಯ ಇಮಾಮನಿಗೂ ತಲುಪುವುದಿಲ್ಲ, ಆ ಸಾಲದ ಕಾರ್ಡಿನ ಹೆಂಗಸಿಗೂ ತಲುಪುವುದಿಲ್ಲ.

ನನ್ನ ಒತ್ತಾಯ ಸರಳವಾಗಿದೆ. ಇಸ್ಲಾಮಿ ಚಿಂತನೆಯ ಸ್ನಾತಕೋತ್ತರ ಅಧ್ಯಯನ ಕರ್ನಾಟಕದ ವಿಶ್ವವಿದ್ಯಾಲಯದಲ್ಲಿ, ಕನ್ನಡದಲ್ಲಿ, ಇಲ್ಲಿನ ಬದುಕನ್ನೇ ಪಠ್ಯವಾಗಿಟ್ಟುಕೊಂಡು ನಡೆಯಬೇಕು. ದಾವಣಗೆರೆ ವಿಶ್ವವಿದ್ಯಾಲಯದ ಸ್ನಾತಕೋತ್ತರ ಕೇಂದ್ರ ಚಿತ್ರದುರ್ಗದ ಪಕ್ಕದ ಗುಡ್ಡದರಂಗವ್ವನಹಳ್ಳಿಯಲ್ಲಿದೆ. ಅಲ್ಲೇ ಆರಂಭವಾಗಲಿ. ಮದ್ರಸಾ ಮುಗಿಸಿದವನೂ, ಬಿ.ಎ. ಮುಗಿಸಿದ ಹುಡುಗಿಯೂ, ಬಯಸಿದರೆ ಹಿಂದೂ ಹುಡುಗನೂ ಒಂದೇ ಬೆಂಚಿನಲ್ಲಿ ಕುಳಿತು ಓದಲಿ. ಪ್ರತಿ ವಿದ್ಯಾರ್ಥಿಯೂ ಒಂದು ಬೀದಿಯನ್ನು ಆರಿಸಿಕೊಳ್ಳಲಿ. ಆ ಬೀದಿಯ ಒಟ್ಟು ಸಾಲ ಎಷ್ಟು, ಆ ಜಮಾಅತ್‌ನಲ್ಲಿ ರಮಜಾನಿನಲ್ಲಿ ಕೂಡುವ ಜಕಾತ್ ಎಷ್ಟು ಎಂದು ಲೆಕ್ಕ ಹಾಕಲಿ. ಜಕಾತ್ ಪಡೆಯಲು ಅರ್ಹರಾದ ಎಂಟು ವರ್ಗಗಳಲ್ಲಿ ಸಾಲಗಾರರೂ ಒಂದು ವರ್ಗವೆಂದು ಕುರ್‌ಆನ್ ಸ್ಪಷ್ಟವಾಗಿ ಹೇಳಿರುವಾಗ, ಸೀರೆ ಹಂಚಿ ಫೋಟೋ ತೆಗೆಸಿಕೊಳ್ಳುವ ಬದಲು ಆ ಹೆಂಗಸಿನ ಮೂರು ಕಾರ್ಡುಗಳನ್ನು ಹರಿದುಹಾಕಲು ಸಾಧ್ಯವೆ ಎಂದು ಆ ಪ್ರಬಂಧ ಹೇಳಲಿ. ಕಿರುಸಾಲ ವಸೂಲಿಯ ದೌರ್ಜನ್ಯ ತಡೆಯಲು ರಾಜ್ಯ ಸರ್ಕಾರ 2025ರ ಫೆಬ್ರವರಿಯಲ್ಲಿ ಸುಗ್ರೀವಾಜ್ಞೆ ತಂದು 10 ವರ್ಷಗಳವರೆಗೆ ಜೈಲು ಎಂದಿತು. ಸರ್ಕಾರಕ್ಕೆ ಕಂಡದ್ದು ನಮ್ಮ ಮಿಂಬರಿಗೆ ಕಾಣದೆ ಹೋದರೆ ಅದು ನಾಚಿಕೆಗೇಡು.

ಉಲಮಾಗಳಲ್ಲಿ ಕೆಲವರು ಹೇಳುತ್ತಾರೆ: ದೀನ್ ಪೂರ್ಣವಾಗಿದೆ, ಹೊಸದಾಗಿ ಯೋಚಿಸುವುದು ಗುಮ್ರಾಹಿ. ದೀನ್ ಪೂರ್ಣವಾಗಿದೆ, ನಿಜ. ನಮ್ಮ ತಿಳಿವಳಿಕೆಯೂ ಪೂರ್ಣವಾಗಿದೆ ಎಂದು ಯಾರು ಹೇಳಿದರು? ದೆಹಲಿಯ ಶಾಹ್ ವಲಿಯುಲ್ಲಾಹ್ 18ನೇ ಶತಮಾನದಲ್ಲಿ ಕುರ್‌ಆನನ್ನು ಫಾರ್ಸಿಗೆ ತಂದರು, ಅವರ ಮಗ ಶಾಹ್ ಅಬ್ದುಲ್ ಖಾದಿರ್ ಉರ್ದುವಿಗೆ ತಂದರು. ಜನರ ಭಾಷೆ ಬದಲಾದಂತೆ ಅರಿವಿನ ಭಾಷೆಯೂ ಬದಲಾಗಬೇಕೆಂದು ಆ ಮನೆತನಕ್ಕೆ ಗೊತ್ತಿತ್ತು. 1929ರ ಜನವರಿಯಲ್ಲಿ ಇಕ್ಬಾಲ್ ಮದ್ರಾಸಿನಲ್ಲಿ ಉಪನ್ಯಾಸ ಕೊಟ್ಟು ಬೆಂಗಳೂರು, ಮೈಸೂರಿಗೂ ಬಂದಿದ್ದರು. ಆ ಉಪನ್ಯಾಸಮಾಲೆಯ ಪುಸ್ತಕದಲ್ಲಿ ಇಜ್ತಿಹಾದ್‌ಗೇ ಒಂದು ಅಧ್ಯಾಯವಿದೆ. ಅವರ ಗಜಲುಗಳನ್ನು ಜಲ್ಸಾಗಳಲ್ಲಿ ಹಾಡಿಸುವ ನಾವು ಆ ಅಧ್ಯಾಯವನ್ನು ಮುಟ್ಟುವುದೇ ಇಲ್ಲ.

ಇತ್ತ ನಮ್ಮ ಪ್ರಗತಿಪರ ಗೆಳೆಯರು, ವಿಶ್ವವಿದ್ಯಾಲಯದಲ್ಲಿ ಧರ್ಮ ಏಕೆ ಎನ್ನುತ್ತಾರೆ. ವಚನಗಳನ್ನು ಅಲ್ಲಿ ಓದುವುದಿಲ್ಲವೆ? ದಾಸರನ್ನು ಓದುವುದಿಲ್ಲವೆ? ಶರಣರ ಕಾಯಕ, ದಾಸೋಹಗಳಿಂದ ಇಂದಿನ ಸಮಾಜದ ಬಗ್ಗೆ ಯೋಚಿಸಬಹುದಾದರೆ ಜಕಾತ್, ಹಿಮಾಗಳಿಂದ ಏಕಾಗದು? ನಾನು ಕೇಳುತ್ತಿರುವುದು ಧರ್ಮಪ್ರಚಾರದ ಕೋರ್ಸನ್ನಲ್ಲ. ಪ್ರಶ್ನೆ ಕೇಳಿದರೆ ಪದವಿ ತಪ್ಪದ ಜಾಗವನ್ನು ಕೇಳುತ್ತಿದ್ದೇನೆ. ನಮ್ಮ ಗ್ರಂಥಗಳು ಮೊಹಲ್ಲಾದ ಒಳಗೇ ಬಂದಿಯಾಗಿರಲಿ ಎಂದು ಬಯಸುವವರಲ್ಲಿ ಮುಲ್ಲಾನೂ ಜಾತ್ಯತೀತನೂ ಒಂದಾಗಿಬಿಟ್ಟಿರುವುದು ವಿಚಿತ್ರವಾಗಿದೆ.

ಓದಿದರೆ ನೌಕರಿ ಏನು ಎಂದು ಮೂರನೆಯವರು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಮಸೀದಿಗೆ ಗ್ರಾನೈಟ್ ಹಾಕಿಸಲು, ಮಿನಾರ ಎತ್ತರಿಸಲು ಲಕ್ಷಗಟ್ಟಲೆ ಕೂಡಿಸುವ ಕಮಿಟಿಗಳು ತಾಲ್ಲೂಕಿಗೊಬ್ಬ ಓದಿದ ಸಲಹೆಗಾರನನ್ನು, ಒಬ್ಬ ಓದಿದ ಸಲಹೆಗಾರ್ತಿಯನ್ನು ಸಂಬಳ ಕೊಟ್ಟು ಇಟ್ಟುಕೊಳ್ಳಲಿ. ಆ ದಿನ ಬಾಗಿಲಾಚೆ ನಿಂತಿದ್ದ ಹೆಂಗಸು ಒಳಗೆ ಬಂದು ಕುರ್ಚಿಯಲ್ಲಿ ಕುಳಿತು ಮಾತಾಡಬಹುದಾದ ಒಂದು ಕೋಣೆಯಾದರೂ ಇರಲಿ.

ಆ ಸಾಲದ ಕಾರ್ಡನ್ನು ಮಾರನೆಯ ದಿನ ನಾನೇ ಅವರ ಮನೆಗೆ ಒಯ್ದು ಕೊಟ್ಟೆ. ಅದರಲ್ಲಿ ಏನಿದೆ ಎಂದು ಓದಿ ಹೇಳಿದೆ. ಬಡ್ಡಿಯ ದರ ಕೇಳಿ ಅವರು ಗಾಬರಿಯಾದರು. ಎರಡು ವರ್ಷದಿಂದ ಕಟ್ಟುತ್ತಿದ್ದರೂ ಯಾರೂ ಅವರಿಗೆ ಹೇಳಿರಲಿಲ್ಲ. “ಹಜರತ್ ಏನಂದರು?” ಎಂದು ಮತ್ತೆ ಕೇಳಿದರು. ನನ್ನಲ್ಲಿ ಉತ್ತರವಿರಲಿಲ್ಲ. ನಾನು ಕಥೆ ಬರೆಯುವವನು, ಫಿಕ್ಹ್ ಓದಿದವನಲ್ಲ. ಓದಿದವರು ಆ ಬೀದಿಗೆ ಬರಲಿ ಎಂದು ಇಷ್ಟು ಬರೆದಿದ್ದೇನೆ.