ತಾಯಿಯ ಮೊದಲ ಕಾದಂಬರಿ ಏಕೆ ತಡವಾಗುತ್ತದೆ?

ಹೆಣ್ಣುಮಗಳೊಬ್ಬಳ ಮೊದಲ ಕಾದಂಬರಿ ಅಚ್ಚಾಗಿ ಬಂದಿತೆಂದರೆ ಸಭೆಗಳಲ್ಲಿ ಅವಳಿಗೆ ಕೇಳುವ ಪ್ರಶ್ನೆ ಒಂದೇ: “ಮನೆ, ಮಕ್ಕಳನ್ನೆಲ್ಲ ನೋಡಿಕೊಂಡು ಇದನ್ನು ಯಾವಾಗ ಬರೆದಿರಿ, ತಾಯಿ?” ಕೇಳುವವರ ಮನಸ್ಸಿನಲ್ಲಿ ಕೆಡುಕಿಲ್ಲ; ಅವರು ಹೊಗಳುತ್ತಲೇ ಇದ್ದಾರೆ. ಆದರೆ ಮಾಸ್ತಿಯವರು ಸರಕಾರದ ದೊಡ್ಡ ಹುದ್ದೆಯಲ್ಲಿ ಇದ್ದುಕೊಂಡೇ ಕಥೆ ಬರೆದರು. ಮನೆಯಲ್ಲಿ ಮಕ್ಕಳನ್ನು ಯಾರು ನೋಡಿಕೊಂಡರೆಂದು ಅವರನ್ನು ಕೇಳಬೇಕೆಂದು ಯಾರಿಗಾದರೂ ತೋಚುತ್ತಿತ್ತೇ?

ಆದ್ದರಿಂದ ನಾವು ಪ್ರಶ್ನೆಯನ್ನೇ ತಿರುಗಿಸಿ ಕೇಳುತ್ತೇವೆ. ಬರೆದವಳು ಯಾವಾಗ ಬರೆದಳೆಂಬುದು ಹಾಗಿರಲಿ. ಬರೆಯಬಲ್ಲವಳು ಇಷ್ಟು ವರ್ಷ ಏಕೆ ಬರೆಯಲಿಲ್ಲ? ಅವಳ ಹೊತ್ತು ಯಾರ ಪಾಲಾಯಿತು?

ಕಾಸರಗೋಡಿನ ಸಾರಾ ಅಬೂಬಕ್ಕರ್ ಅವರ ಜೀವನವನ್ನು ನೋಡೋಣ. 1936ರಲ್ಲಿ ಹುಟ್ಟಿದ ಅವರು ಕನ್ನಡ ಶಾಲೆಯಲ್ಲಿ ಓದಿದರು. ಇನ್ನೂ ಓದಬೇಕೆಂಬ ಆಸೆಗೆ ಸಮಾಜದ ಕಟ್ಟಳೆ ಅಡ್ಡ ಬಂತು. ಮದುವೆಯಾಯಿತು, ನಾಲ್ಕು ಗಂಡುಮಕ್ಕಳಾದರು. ಗ್ರಂಥಾಲಯದ ಸದಸ್ಯತ್ವ ಕೈಗೆ ಬಂದದ್ದೇ 1963ರಲ್ಲಿ. ‘ಲಂಕೇಶ್ ಪತ್ರಿಕೆ’ಯಲ್ಲಿ ಅವರ ಮೊದಲ ಲೇಖನ ಬಂದದ್ದು 1981ರಲ್ಲಿ. ಗ್ರಂಥಾಲಯದ ಬಾಗಿಲಿನಿಂದ ಪತ್ರಿಕೆಯ ಪುಟಕ್ಕೆ ಬರಲು 18 ವರ್ಷ ಹಿಡಿಯಿತು. ಆ ವಾರಪತ್ರಿಕೆಯೇ ಅವರ ಮೊದಲ ಕಾದಂಬರಿ ‘ಚಂದ್ರಗಿರಿಯ ತೀರದಲ್ಲಿ’ಯನ್ನು ಕಂತುಕಂತಾಗಿ ಅಚ್ಚು ಹಾಕಿತು.

ಆ ಕಾದಂಬರಿಯ ನಾದಿರಾ ತಂದೆಯ ಹಟಕ್ಕೆ ಸಿಕ್ಕಿ ಗಂಡನನ್ನೂ ಎಳೆಯ ಕೂಸನ್ನೂ ಅಗಲುತ್ತಾಳೆ. ತಲಾಖಿನ ಕಟ್ಟಳೆಗೆ ಸಿಕ್ಕಿ ಕೊನೆಗೆ ನೀರಿನ ಪಾಲಾಗುತ್ತಾಳೆ. ಕೂಸನ್ನು ಎತ್ತಿ ಆಡಿಸಿದ ಕೈ ಬರೆದ ಪುಸ್ತಕವಿದು. ತಾಯ್ತನ ಬಂದರೆ ಬರವಣಿಗೆ ಹೋಯಿತು ಎನ್ನುವ ಮಾತು ಸುಳ್ಳೆಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ. ತಾಯ್ತನ ಅವರಿಗೆ ಹೇಳಬೇಕಾದ ಮಾತನ್ನು ಕೊಟ್ಟಿತು. ಹೇಳುವುದಕ್ಕೆ ಬಿಡುವು ಮಾತ್ರ ಯಾರೂ ಕೊಡಲಿಲ್ಲ.

ಇದು ಒಬ್ಬರ ಕಥೆಯಲ್ಲ. ತೀರ್ಥಹಳ್ಳಿಯ ಎಂ. ಕೆ. ಇಂದಿರಾ ಅವರಿಗೆ ಹನ್ನೆರಡನೆಯ ವಯಸ್ಸಿಗೆ ಮದುವೆಯಾಯಿತು. ಶಾಲೆಯ ಓದು ಅಲ್ಲಿಗೇ ನಿಂತಿತು. ಅವರ ಮೊದಲ ಕಾದಂಬರಿ ‘ತುಂಗಭದ್ರಾ’ ಬಂದದ್ದು 1963ರಲ್ಲಿ. ಆಗ ಅವರಿಗೆ ನಲವತ್ತೈದು ದಾಟಿತ್ತು. ಬಂದ ಮೊದಲ ಪುಸ್ತಕಕ್ಕೇ ಅಕಾಡೆಮಿಯ ಪ್ರಶಸ್ತಿ ಬಂತು. ಹಾಗಾದರೆ ಆ ಪ್ರತಿಭೆ ನಲವತ್ತೈದನೆಯ ವರ್ಷಕ್ಕೆ ಆಕಾಶದಿಂದ ಇಳಿಯಿತೇ? ಅದು ಮೊದಲೇ ಇತ್ತು. ಒಲೆಯ ಮುಂದೆ ಕೂತಿತ್ತು.

ಬೇಗ ಬರೆದವರ ಗತಿಯೂ ನೋಡಿ. ತ್ರಿವೇಣಿಯವರು 1953ರಲ್ಲಿ ‘ಅಪಸ್ವರ’ ಬರೆದು ಕಾಲಿಟ್ಟರು. ಹೆರಿಗೆಯಾದ ಮೇಲೆ ಮನೋರೋಗಕ್ಕೆ ತುತ್ತಾದ ಹೆಣ್ಣನ್ನು ಊರು ಮನೆ ಹೇಗೆ ನಡೆಸಿಕೊಳ್ಳುತ್ತವೆಂದು ‘ಶರಪಂಜರ’ದಲ್ಲಿ ತೋರಿಸಿದರು. 1963ರ ಜುಲೈಯಲ್ಲಿ ಮಗಳನ್ನು ಹೆತ್ತ ಕೆಲವೇ ದಿನಗಳಲ್ಲಿ ತೀರಿಕೊಂಡರು. ಇನ್ನೂ 35 ತುಂಬಿರಲಿಲ್ಲ. ಕೇವಲ ಹತ್ತು ವರ್ಷಗಳ ಬರವಣಿಗೆಯ ಆಯುಷ್ಯ!

ನಮ್ಮ ಧಾರವಾಡದಲ್ಲಿ ವೈದ್ಯ ವೃತ್ತಿ ನಡೆಸಿದ ಅನುಪಮಾ ನಿರಂಜನ ಅವರ ಮಾತು ಬೇರೆ. ಇಬ್ಬರು ಹೆಣ್ಣುಮಕ್ಕಳ ತಾಯಿ. ಆದರೂ ಕಾದಂಬರಿಗಳನ್ನು ಬರೆದರು, ‘ತಾಯಿ-ಮಗು’ ಎಂಬ ಆರೋಗ್ಯದ ಪುಸ್ತಕ ಬರೆದರು, ಮಕ್ಕಳಿಗಾಗಿ ‘ದಿನಕ್ಕೊಂದು ಕಥೆ’ ಬರೆದರು. ಇದನ್ನು ಪವಾಡವೆಂದು ಕೈಮುಗಿದು ಸುಮ್ಮನಾಗಬೇಡಿ. ಅವರಿಗೆ ವಿದ್ಯೆ ಇತ್ತು, ಸ್ವಂತ ಸಂಪಾದನೆ ಇತ್ತು, ತಾವೂ ಲೇಖಕರಾದ ಗಂಡ ನಿರಂಜನರಿದ್ದರು. ಇಂಥ ಅನುಕೂಲ ಎಷ್ಟು ಮಂದಿ ತಾಯಂದಿರಿಗೆ ಉಂಟು?

ಈಗ ನಮ್ಮ ಅಮ್ಮಿನಬಾವಿಗೆ ಬರೋಣ. ನಾವು ಶಾಲೆಯಲ್ಲಿ ಕಲಿಸುತ್ತಿದ್ದಾಗ ಪ್ರಬಂಧದ ಪಟ್ಟಿಗಳನ್ನು ತಿದ್ದುವಾಗಲೆಲ್ಲ ಒಂದು ಮಾತು ಕಣ್ಣಿಗೆ ಬೀಳುತ್ತಿತ್ತು: ಚೊಕ್ಕ ಕನ್ನಡ ಬರೆಯುವವರಲ್ಲಿ ಹುಡುಗಿಯರೇ ಹೆಚ್ಚು. ಹತ್ತು ವರ್ಷದ ಮೇಲೆ ಅದೇ ಹುಡುಗಿಯರು ಓಣಿಯಲ್ಲಿ ಸಿಗುತ್ತಾರೆ. ಕಂಕುಳಲ್ಲಿ ಕೂಸು, ತಲೆಯ ಮೇಲೆ ಮೇವಿನ ಹೊರೆ. “ಈಗ ಏನಾದರೂ ಬರೆಯುತ್ತೀಯೇನವ್ವಾ?” ಎಂದರೆ, “ಎಲ್ಲಿ ಬಿಡ್ರಿ ಸರ, ರೇಷನ್ ಅಂಗಡ್ಯಾಗ ಸಹಿ ಮಾಡೂದೊಂದ ಬರವಣಿಗಿ” ಎಂದು ನಗುತ್ತಾರೆ. ಆ ನಗೆ ನಮಗೆ ಹಗುರವಾಗಿ ಕಾಣುವುದಿಲ್ಲ.

ನಮ್ಮ ಸೀಮೆಯ ಹೆಣ್ಣುಮಕ್ಕಳಿಗೆ ಕಟ್ಟಿ ಹೇಳುವ ಶಕ್ತಿ ಇಲ್ಲವೆಂದು ಯಾರೂ ಹೇಳಲಾರರು. ಬೀಸುವಾಗ, ಕುಟ್ಟುವಾಗ, ತೊಟ್ಟಿಲು ತೂಗುವಾಗ ಕಟ್ಟಿದ ಅವರ ತ್ರಿಪದಿಗಳನ್ನು ಹಲಸಂಗಿಯ ಗೆಳೆಯರು ಸಂಗ್ರಹಿಸಿ 1931ರಲ್ಲಿ ‘ಗರತಿಯ ಹಾಡು’ ಎಂದು ಅಚ್ಚು ಹಾಕಿಸಿದರು. ಹಾಡಿಗೂ ಕಾದಂಬರಿಗೂ ಇರುವ ಅಂತರ ಇಷ್ಟೇ: ಹಾಡು ಬೀಸುವ ಕಲ್ಲಿನ ಜೊತೆಗೇ ಬರುತ್ತದೆ, ಕೈ ಖಾಲಿ ಇರಬೇಕಿಲ್ಲ. ಕಾದಂಬರಿಗೆ ಕೈ ಖಾಲಿಯಿರಬೇಕು, ಕುಳಿತುಕೊಳ್ಳಲು ಜಾಗ ಬೇಕು, ನಿನ್ನೆ ಬಿಟ್ಟ ಎಳೆಯನ್ನು ಇವತ್ತು ಹಿಡಿಯುವಷ್ಟು ನೆಮ್ಮದಿ ಬೇಕು. ಹಾಡು ಕಟ್ಟಿದ ತಾಯಂದಿರ ಹೆಸರುಗಳು ಉಳಿಯಲಿಲ್ಲ. ಇವರ ಹೆಸರೂ ಹಾಗೆಯೇ ಅಳಿಯಬೇಕೇ?

ಗಿರಣಿಯಲ್ಲಿ ದುಡಿಯುವ ಗೆಳೆಯರಿಗೆ ಲೆಕ್ಕ ಗೊತ್ತು, ಲೆಕ್ಕವನ್ನೇ ಮುಂದಿಡುತ್ತೇವೆ. ಕೇಂದ್ರ ಸರಕಾರ 2024ರಲ್ಲಿ ನಡೆಸಿದ ಸಮಯ ಬಳಕೆಯ ಸಮೀಕ್ಷೆಯ ಪ್ರಕಾರ, ಕೂಲಿಯಿಲ್ಲದ ಮನೆಗೆಲಸ ಮಾಡಿದ ಹೆಂಗಸರು ಅದಕ್ಕಾಗಿ ದಿನಕ್ಕೆ ಸರಾಸರಿ 289 ನಿಮಿಷ ಕಳೆದರು. ಗಂಡಸರು 88 ನಿಮಿಷ. ಅದೂ ಮನೆಗೆಲಸಕ್ಕೆ ಕೈಹಚ್ಚಿದ ಗಂಡಸರ ಸರಾಸರಿ. ಕೈಹಚ್ಚದವರು ಈ ಲೆಕ್ಕದಲ್ಲಿಲ್ಲ. ಅಂತರ 201 ನಿಮಿಷ. ವರ್ಷಕ್ಕೆ 1,200 ತಾಸುಗಳಿಗೂ ಹೆಚ್ಚು. ಎಂಟು ತಾಸಿನ ಪಾಳಿಯ ಲೆಕ್ಕ ಹಾಕಿದರೆ 150 ಪಾಳಿ! ಮಾಲಕನೊಬ್ಬ ವರ್ಷಕ್ಕೆ 150 ಪಾಳಿ ಬಿಟ್ಟಿ ದುಡಿಸಿಕೊಂಡರೆ ನಾವು ಗೇಟಿನ ಮುಂದೆ ಕೂಡುತ್ತೇವೆ. ಮನೆಯಲ್ಲಿ ಅದೇ ನಡೆದರೆ ಅದಕ್ಕೆ ಸಂಸಾರವೆಂದು ಹೆಸರು.

ಸಣ್ಣ ವ್ಯಾಪಾರಿ ಬಂಧುಗಳೂ ತಮ್ಮ ಕೀರ್ದಿಯನ್ನು ತೆರೆದು ನೋಡಲಿ. ಉದ್ರಿ ಕೊಟ್ಟದ್ದು, ಬಾಡಿಗೆ, ಹಮಾಲಿ ಎಲ್ಲ ಅದರಲ್ಲಿದೆ. ಮಧ್ಯಾಹ್ನ ನೀವು ಸರಕಿಗೆ ಹೋದಾಗ ಮಡಿಲಲ್ಲಿ ಮಗು ಹಾಕಿಕೊಂಡು ಗಲ್ಲಾದ ಮುಂದೆ ಕೂತವಳ ಹೊತ್ತು ಯಾವ ಕಾಲಮಿನಲ್ಲಿದೆ?

“ಮೊದಲು ಕೂಲಿ, ಆಮೇಲೆ ಕಾದಂಬರಿ” ಎನ್ನುವ ಸಂಗಾತಿಗಳಿದ್ದಾರೆ. ಅವರಿಗೆ ನಮ್ಮ ಉತ್ತರ ಇದು. ಬರೆಯಲು ಬಿಡುವಿಲ್ಲದ ತಾಯಿಗೆ ಸಂಘದ ಸಭೆಗೆ ಬರಲೂ ಬಿಡುವಿಲ್ಲ, ಪಂಚಾಯತಿಗೆ ಆರಿಸಿ ಬಂದರೂ ಕಾಗದ ಓದಲು ಬಿಡುವಿಲ್ಲ. ಕಳುವಾದ ತಾಸು ಒಂದೇ. ಅಮೇರಿಕದಲ್ಲಿ ಟಿಲ್ಲಿ ಓಲ್ಸನ್ ಎಂಬ ಶ್ರಮಿಕ ಚಳವಳಿಯ ಲೇಖಕಿ 1930ರ ದಶಕದ ಆರಂಭದಲ್ಲಿ ಮೊದಲ ಕಾದಂಬರಿಗೆ ಕೈಹಾಕಿದರು. ದುಡಿಮೆ ಮತ್ತು ನಾಲ್ಕು ಹೆಣ್ಣುಮಕ್ಕಳ ಪೋಷಣೆಯ ನಡುವೆ ಅದು ಅರ್ಧಕ್ಕೇ ನಿಂತು, 1974ರಲ್ಲಿ ಅಪೂರ್ಣವಾಗಿಯೇ ಅಚ್ಚಾಯಿತು. ಬರೆಯದೆ ಹೋದವರ ಮೌನದ ಬಗ್ಗೆಯೇ ಅವರು ಮುಂದೆ ಒಂದು ಪುಸ್ತಕ ಬರೆದರು. ಕಡಲಾಚೆಯೂ ರೋಗ ಇದೇ.

ಮದ್ದು ಇಲ್ಲವೇ? ಇದೆ. 1948ರ ಕಾರ್ಖಾನೆ ಕಾಯದೆಯೇ ಹೆಂಗಸರು ಹೆಚ್ಚಾಗಿ ದುಡಿಯುವ ಕಡೆ ಶಿಶುಗೃಹವಿರಬೇಕೆಂದು ವಿಧಿಸಿತ್ತು. 2017ರಲ್ಲಿ ಹೆರಿಗೆ ಸೌಲಭ್ಯದ ಕಾಯದೆಯನ್ನು ತಿದ್ದಿ ರಜೆಯನ್ನು 26 ವಾರಕ್ಕೆ ಏರಿಸಿದರು. 50 ಮಂದಿ ದುಡಿಯುವ ಸಂಸ್ಥೆಗಳಲ್ಲಿ ಶಿಶುಗೃಹ ಕಡ್ಡಾಯ ಮಾಡಿದರು. ಆದರೆ ಹೊಲದಲ್ಲಿ, ಅಂಗಡಿಯಲ್ಲಿ, ಮನೆಯಲ್ಲಿ ದುಡಿಯುವವಳಿಗೆ ಇದರಿಂದ ಬಂದದ್ದೇನು? 2023ರಲ್ಲಿ ರಾಜ್ಯ ಸರಕಾರ 4,000 ಗ್ರಾಮ ಪಂಚಾಯತಿಗಳಲ್ಲಿ ‘ಕೂಸಿನ ಮನೆ’ ತೆರೆಯುವುದಾಗಿ ಸಾರಿತು. ಹೆಜ್ಜೆ ಸರಿಯಾದದ್ದು. ಅದು ಉದ್ಯೋಗ ಖಾತರಿಯ ಕೂಲಿಗೆ ಹೋಗುವ ತಾಯಂದಿರಿಗಷ್ಟೇ ಅಲ್ಲ, ಎಲ್ಲ ತಾಯಂದಿರಿಗೂ ತೆರೆದಿರಬೇಕು. ಪ್ರತಿ ಪಂಚಾಯತಿಯಲ್ಲಿಯೂ ಇರಬೇಕು. ಬೋರ್ಡು ಮಾತ್ರವಲ್ಲ, ಕೂಸುಗಳೂ ಅಲ್ಲಿರಬೇಕು.

ಎರಡನೆಯದು, ಊರಿನ ಗ್ರಂಥಾಲಯ. ಹೆಂಗಸರ ಕೈ ಬಿಡುವಾಗುವ ಹೊತ್ತಿಗೆ ಅದರ ಬಾಗಿಲು ತೆರೆದಿರಲಿ. ಮಗುವನ್ನು ಕರೆತಂದವಳನ್ನು ಗದ್ದಲವೆಂದು ಹೊರಗೆ ಕಳಿಸದಿರಲಿ. ಮೂರನೆಯದು, ಜಿಲ್ಲೆಯ ಪತ್ರಿಕೆಗಳು. ಇಡೀ ಪುಸ್ತಕ ಬರೆಯಲಾರದ ತಾಯಿ ವಾರಕ್ಕೊಂದು ಅಧ್ಯಾಯ ಬರೆದಾಳು. ಅದಕ್ಕೆ ಜಾಗ ಕೊಟ್ಟರೆ ಏನಾಗುವುದೆಂದು ಚಂದ್ರಗಿರಿಯ ಕಾದಂಬರಿ ತೋರಿಸಿದೆ. ಹಾಸನದ ಬಾನು ಮುಷ್ತಾಕ್ ಅವರು ತಾಯಿಯಾದ ಹೊಸತರಲ್ಲಿ ಮನಸ್ಸು ಕುಸಿದು ಕಂಗೆಟ್ಟದ್ದನ್ನು ತಾವೇ ಹೇಳಿಕೊಂಡಿದ್ದಾರೆ. 2025ರಲ್ಲಿ ಅವರ ಕಥೆಗಳ ಇಂಗ್ಲಿಷ್ ಅನುವಾದಕ್ಕೆ ಅಂತಾರಾಷ್ಟ್ರೀಯ ಬೂಕರ್ ಬಂದಾಗ ನಾಡೆಲ್ಲ ಹೆಮ್ಮೆಪಟ್ಟಿತು. ಹೆಮ್ಮೆ ಪಡಲು ಬಂದವರು ಹೊಣೆ ಹೊರಲೂ ಬರಬೇಕು.

ನಾಲ್ಕನೆಯದಕ್ಕೆ ಸರಕಾರವನ್ನು ಕಾಯಬೇಕಿಲ್ಲ, ಠರಾವು ಬೇಕಿಲ್ಲ. ಪಾಳಿ ಮುಗಿಸಿ, ಅಂಗಡಿ ಮುಚ್ಚಿ ಮನೆಗೆ ಹೋದ ಗಂಡಸು ಕೂಸನ್ನು ಎತ್ತಿಕೊಳ್ಳಲಿ, ಪಾತ್ರೆ ತಿಕ್ಕಲಿ. ದಿನಕ್ಕೆ ಒಂದು ತಾಸು ಸಾಕು. ಆ ತಾಸಿನಲ್ಲಿ ಅವಳು ಬರೆಯುತ್ತಾಳೋ, ಓದುತ್ತಾಳೋ, ಸುಮ್ಮನೆ ಕಟ್ಟೆಯ ಮೇಲೆ ಕೂರುತ್ತಾಳೋ ಅದು ಅವಳ ಇಚ್ಛೆ. ತಾಸು ಅವಳದು, ನಾವು ಅದನ್ನು ದಾನ ಮಾಡುತ್ತಿಲ್ಲ, ಹಿಂದಿರುಗಿಸುತ್ತಿದ್ದೇವೆ.